ಸಿದ್ದಬಸಪ್ಪ ಊದದ ಟ್ರಂಪೆಟ್

ಆನೇಮಹಲ್‌ನ ಸಿದ್ದಬಸಪ್ಪ ಎಸ್ಟೇಟಿನ ಸ್ಟೋರ್‌ನಲ್ಲಿ ಕಾಫಿ ಮೂಟೆ ಹೊಲಿಯುತ್ತಿದ್ದ. ಮದುವೆ ಕಾಲ ಬಂತೆಂದರೆ ಕೆಂಪು ಕೋಟು ತೊಟ್ಟು ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಕಲಿಸಿದವರು ಆಲೂರಿನ ಸೋಮಯ್ಯ ಮೇಷ್ಟ್ರು. ಹಲ್ಲು ಬಿದ್ದು ಊದಲಾಗದೆ ಹೋದಾಗ ಅವರು ತಮ್ಮ ಟ್ರಂಪೆಟ್ಟನ್ನೇ ಈ ಶಿಷ್ಯನ ಕೈಗೆ ಕೊಟ್ಟಿದ್ದರು.

೧೯೯೬ರಲ್ಲಿ ಬೆಂಗಳೂರಿನಿಂದ ಕರೆ ಬಂತು. ಕೌಬಾಯ್ ಟೋಪಿ, ಕುದುರೆ, ಪಿಸ್ತೂಲು ಎಲ್ಲ ಇರುವ ನಗೆ ಸಿನಿಮಾ. ಅದರ ಹಿನ್ನೆಲೆ ಸಂಗೀತಕ್ಕೆ ನಲವತ್ತು ಜನರ ಆರ್ಕೆಸ್ಟ್ರಾವೇ ಬೇಕೆಂದು ಸಂಗೀತ ನಿರ್ದೇಶಕರು ಹಟ ಹಿಡಿದಿದ್ದರಂತೆ. ಟ್ರಂಪೆಟ್‌ಗೆ ಒಬ್ಬರು ಕಡಿಮೆ ಬಿದ್ದಾಗ, ಹಾಸನದ ಮದುವೆಯೊಂದರಲ್ಲಿ ಸಿದ್ದಬಸಪ್ಪ ಊದಿದ್ದನ್ನು ಕೇಳಿದ್ದ ಪಿಟೀಲಿನವರೊಬ್ಬರು ಅವನ ಹೆಸರು ಹೇಳಿದ್ದರು.

ಸ್ಟುಡಿಯೋದಲ್ಲಿ ಎಲ್ಲರ ಮುಂದೆಯೂ ಸ್ವರ ಬರೆದ ನೊಟೇಶನ್ ಹಾಳೆ. ಸಿದ್ದಬಸಪ್ಪನಿಗೆ ಅದನ್ನು ಓದಲು ಬಾರದು. ಕಿವಿಗೆ ಬಿದ್ದದ್ದನ್ನು ಊದುವುದಷ್ಟೇ ಗೊತ್ತು. ಪಕ್ಕದವರನ್ನು ನೋಡಿಕೊಂಡು ಹೇಗೋ ನಿಭಾಯಿಸೋಣವೆಂದುಕೊಂಡ. ಎರಡು ಸಲ ತನ್ನ ಸರದಿಗೆ ಮುಂಚೆಯೇ ಊದಿಬಿಟ್ಟ. ಮೂರನೇ ಸಲ, ಎಲ್ಲರೂ ಸುಮ್ಮನಾಗಬೇಕಾದ ಜಾಗದಲ್ಲಿ ಅವನೊಬ್ಬನ ಟ್ರಂಪೆಟ್ ಕೂಗಿತು. ನಲವತ್ತು ಜನ ತಿರುಗಿ ನೋಡಿದರು. ನಿರ್ದೇಶಕರು ಬೈಯಲಿಲ್ಲ, ಸ್ವಲ್ಪ ಹೊರಗೆ ಕೂತಿರಿ ಎಂದು ಮೆತ್ತಗೆ ಹೇಳಿದರು. ಸಂಜೆಯವರೆಗೂ ಹೊರಗಿನ ಬೆಂಚಿನ ಮೇಲೆ ಕೂತ. ಯಾರೂ ಕರೆಯಲಿಲ್ಲ.

ಆಲೂರಿನಲ್ಲಿ ಬಸ್ಸಿಳಿದು ನೇರ ಮೇಷ್ಟ್ರ ಮನೆಗೆ ಹೋದ, ಇದ್ದದ್ದನ್ನು ಇದ್ದಂತೆ ಹೇಳಬೇಕೆಂದೇ. ಮೇಷ್ಟ್ರು ಬಾಗಿಲಲ್ಲಿ ಕಾಯುತ್ತಿದ್ದರು. ಯಾವ ಜಾಗಕ್ಕೆ ಊದಿದೆ ಎಂದು ಆಸೆಯಿಂದ ಕೇಳಿದರು. ಹೀರೋ ಕುದುರೆ ಮೇಲೆ ಬರುವ ಜಾಗಕ್ಕೆ ಎಂಬ ಮಾತು ಅವನ ಬಾಯಿಂದ ಜಾರಿತು.

ಆರು ತಿಂಗಳಿಗೆ ಸಿನಿಮಾ ಸಕಲೇಶಪುರಕ್ಕೆ ಬಂತು. ಮೇಷ್ಟ್ರು ಅವನನ್ನು ಎಳೆದುಕೊಂಡು ಮ್ಯಾಟಿನಿಗೆ ಹೋದರು. ಹೀರೋ ಗತ್ತಿನಿಂದ ಬರುತ್ತಿದ್ದಾಗ ಕುದುರೆ ನಡುದಾರಿಯಲ್ಲಿ ಕೂತುಬಿಟ್ಟಿತು; ಟಾಕೀಸೆಲ್ಲ ನಕ್ಕಿತು. ಅದೇ ಹೊತ್ತಿಗೆ ಪಿಟೀಲುಗಳ ನಡುವಿನಿಂದ ಒಂಟಿ ಟ್ರಂಪೆಟ್ ಎದ್ದಿತು. ಮೇಷ್ಟ್ರು ನಗಲಿಲ್ಲ. ಕಣ್ಣು ಮುಚ್ಚಿ, ಶಿಷ್ಯನ ತೊಡೆಯ ಮೇಲೆ ಮೂರು ಬೆರಳಿಟ್ಟು, ಟ್ರಂಪೆಟ್ಟಿನ ಗುಂಡಿಗಳನ್ನು ಒತ್ತುವಂತೆ ಆ ಸ್ವರಗಳನ್ನು ಒತ್ತುತ್ತಾ ಕೂತರು. ಸಿದ್ದಬಸಪ್ಪ ಮಿಸುಕಲಿಲ್ಲ.

ಮೇಷ್ಟ್ರು ಆಲೂರಿನ ಅಂಗಡಿ ಬೀದಿಯಲ್ಲೆಲ್ಲ ಸುದ್ದಿ ಹೇಳಿಕೊಂಡು ಬಂದರು. ಬ್ಯಾಂಡ್‌ನವರು ಸಿದ್ದಬಸಪ್ಪನಿಗೆ ಶಾಲು ಹೊದಿಸುವುದೆಂದಾಯಿತು. ಅವನ ಹೆಂಡತಿ ಪಂಕಜಾಕ್ಷಿ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ಸಿನಿಮಾದ್ದನ್ನೇ ಊದು ಎಂದರು, ಊದಿದ. ಗುಟ್ಟಾಗಿ ಮತ್ತೆ ನಾಲ್ಕು ಸಲ ಸಿನಿಮಾ ನೋಡಿ ಕಲಿತಿದ್ದ. ಒಂದು ಸ್ವರವೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಹೆಂಡತಿಯ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಶಾಲು ಮಡಿಸಿಕೊಂಡು ಮೇಷ್ಟ್ರ ಮನೆಗೆ ಹೋದ.

"ಅದು ನಾನಲ್ಲ ಮೇಷ್ಟ್ರೇ. ನನ್ನ ಆಚೆ ಕೂರ್ಸ್‌ಬುಟ್ರು."

ಮೇಷ್ಟ್ರು ಅಂಗಳದಲ್ಲಿ ಒಣಹಾಕಿದ್ದ ಕಾಫಿಯನ್ನು ಕೈಯಿಂದ ಹರಡಿದರು. ಹಾಳೆ ಓದಲು ಬರಲಿಲ್ಲವೆಂದು ಕೂರಿಸಿದರೇ ಎಂದು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

"ನಂಗೂ ಬರಲ್ಲ ಕಣೋ," ಎಂದರು ಮೇಷ್ಟ್ರು. "ಬಂದಿದ್ರೆ ನಿಂಗೆ ಕಲಿಸ್ತಿರ್ಲಿಲ್ವಾ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಸುಳ್ಳಿನಿಂದ ಆ ವಯಸ್ಸಿನ ಮನುಷ್ಯ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಕೊರತೆಯನ್ನು ಬಾಯಿಬಿಟ್ಟು ಹೇಳುವಂತಾಯಿತಲ್ಲ ಎಂದು ಸಿದ್ದಬಸಪ್ಪ ಭೂಮಿಗಿಳಿದುಹೋದ.

ಆ ವಾರವೇ ಬ್ಯಾಂಡ್‌ನವರಿಗೆ ತಾನೇ ನಿಜ ಹೇಳಿದ. ಕೆಲವರು ಮುಖದ ಮುಂದೆಯೇ ನಕ್ಕರು. ಪಂಕಜಾಕ್ಷಿ ಒಂಬತ್ತು ದಿನ ಮಾತಾಡಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಅವನು ಭಾನುವಾರಗಳಂದು ಹಾಸನಕ್ಕೆ ಹೋಗಿ ನೊಟೇಶನ್ ಕಲಿತ. ಎರಡು ವರ್ಷ ಹಿಡಿಯಿತು. ಕಲಿತಿದ್ದನ್ನು ಮೇಷ್ಟ್ರಿಗೆ ಮಾತ್ರ ಹೇಳಲಿಲ್ಲ. ಅವರು ಆಗಾಗ ಆನೇಮಹಲ್‌ಗೆ ಬಂದು ಅವನು ಊದುವುದನ್ನು ಕೇಳುತ್ತಿದ್ದರು. ದೂರದಲ್ಲಿ ಅವರ ಕೊಡೆ ಕಂಡೊಡನೆ ಸಿದ್ದಬಸಪ್ಪ ಹಾಳೆಗಳನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿ, ಕಿವಿಯಿಂದಷ್ಟೇ ಕಲಿತವನಂತೆ ಊದುತ್ತಿದ್ದ.