‘ಮನಿ’ಯ ಕೆಳಗಿನ ಕೆಂಪು ಗೆರೆ

ಗೆಳೆಯರೇ, ಇವತ್ತು ಮಾನ್ವಿಯ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತಲ್ಲೇ ಎದೆ ಧಸಕ್ಕೆಂದಿತು. ಕನ್ನಡದ ಕಾಗುಣಿತ ನೋಡುವ ಒಂದು ತಂತ್ರಾಂಶವಿದೆ, ಯಾರು ಬೇಕಾದರೂ ತಿದ್ದಬಹುದಾದದ್ದು. ಮನೆ, ಸಂತೆಗಳಿಗೆ ನಮ್ಮ ಕಡೆ ಅನ್ನುವ ‘ಮನಿ’, ‘ಸಂತಿ’ಗಳ ಕೆಳಗೆ ಅದು ಕೆಂಪು ಗೆರೆ ಎಳೆಯುತ್ತಿತ್ತು. ಅವೂ ಸರಿಯೆಂದು ಅದರ ಕೋಡ್‌ಗೆ ನಾಲ್ಕು ಸಾಲು ಸೇರಿಸಿ ಕಳಿಸಿದ್ದೆ. ಅದನ್ನು ನೋಡಿಕೊಳ್ಳುವ ಮೇಡಂ ಇವತ್ತು ಕೇಳಿದ್ದರು: ‘ಇವು ಕಾಗುಣಿತದ ತಪ್ಪುಗಳಲ್ಲವೇ?’

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಗುಟ್ಟು ಬಯಲಾಯಿತೆಂದು ಎಲ್ಲವನ್ನೂ ಅಳಿಸಲು ಹೊರಟೆ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಕೈ ಹಿಡಿದಳು.

‘ಯಾಕ ಅಳಸಾಕತ್ತೀರಿ? ರಾಯಚೂರಿಂದ ದೇವದುರ್ಗದ ತನಕ ಎಲ್ಲಾರೂ ಮನಿ ಅಂತಾರ. ಅಷ್ಟೂ ಮಂದಿ ತಪ್ಪಿನ್ಯಾಗ ಅಡಗಿ ಮಾಡಾಕತ್ತಾರೇನು?’

ಅವಳ ಮಾತನ್ನೇ ಟೈಪ್ ಮಾಡಿ ಕಳಿಸಿದೆ. ಸಂಜೆಯೊಳಗೆ ಉತ್ತರ ಬಂತು: ‘ಒಪ್ಪಿದೆ. ನಿಮ್ಮ ಸಾಲುಗಳನ್ನು ಸೇರಿಸಿದ್ದೇನೆ.’

ಕುಣಿಯುವುದೊಂದು ಬಾಕಿ. ಗಡಿಬಿಡಿಯಲ್ಲಿ ‘ದನ್ಯವಾದ ಮೇಡಂ’ ಎಂದು ಬರೆದುಬಿಟ್ಟೆ.

‘ಇದೂ ನಿಮ್ಮ ಕಡೆಯ ರೂಪವೇ? ಸೇರಿಸಲೇ?’ ಎಂದು ಕೇಳಿದರು.

‘ಬ್ಯಾಡ್ರಿ ಮೇಡಂ, ಇದು ನಂದೊಬ್ಬಂದ ತಪ್ಪು. ಗೆರಿ ಇರ್ಲಿ’ ಎಂದು ಬರೆದೆ.

ಕಳಿಸಿದ ಮೇಲೆ ನೋಡಿದರೆ ‘ಗೆರಿ’ಯ ಕೆಳಗೂ ಗೆರೆ! ಆ ನಾಲ್ಕು ಸಾಲುಗಳಲ್ಲಿ ಅದನ್ನು ಸೇರಿಸಲು ಮರೆತಿದ್ದೆ. ಈಗ ಅದರ ಚಿಂತೆ ಹತ್ತಿದೆ.