ನನ್ನ ಹೆಸರಿನ ಲಾರಿ

ಆ ಪತ್ರವನ್ನು ನಾನು ಎರಡು ದಿನ ಒಡೆಯಲೇ ಇಲ್ಲ. ಉದ್ದನೆಯ ದಪ್ಪ ಲಕೋಟೆ, ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ನನ್ನ ಹೆಸರು. ಅಂಥ ಲಕೋಟೆ ಯಾರ ಮನೆಗೂ ಒಳ್ಳೆಯ ಸುದ್ದಿ ತಂದದ್ದನ್ನು ನಾನು ಕಂಡಿಲ್ಲ. ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮನುಷ್ಯ ಲಕೋಟೆಗೆ ಅಂಜುತ್ತಾನೆಂದು ಹೆಂಡತಿ ನಕ್ಕಳು. ಮೂರನೆಯ ದಿನ ಅವಳೇ ಒಡೆದು ನನ್ನ ತಾಟಿನ ಬಾಜೂ ಇಟ್ಟಳು.

ಬರೆದವರು ಲಾರಿ ಕಂಪನಿಯವರು. ಈ ಮಾದರಿಯ ಭಾರೀ ಲಾರಿಗಳಲ್ಲಿ ಬ್ಯಾಟರಿಯಿಂದ ಹೊರಡುವ ದಪ್ಪ ವಾಯರು ಚಾಸಿಯ ಕಬ್ಬಿಣಕ್ಕೆ ತಿಕ್ಕಿ, ಮೇಲಿನ ರಬ್ಬರು ಸವೆದು ಬೆಂಕಿ ಹತ್ತಬಹುದಂತೆ. ಗಾಡಿಯನ್ನು ಬೆಳಗಾವಿಯ ಶೋರೂಮಿಗೆ ತಂದರೆ ಪುಕ್ಕಟೆ ಬದಲಿಸಿಕೊಡುತ್ತಾರಂತೆ. ಕೊನೆಗೆ ಒಂದು ಸಾಲು: ಗಾಡಿ ನಿಂತಿದ್ದಾಗಲೂ ಈ ಅಪಾಯ ತಪ್ಪಿದ್ದಲ್ಲ.

ನನಗೆ ಮೊದಲು ಬಂದದ್ದು ಅಂಜಿಕೆಯಲ್ಲ, ಆಶ್ಚರ್ಯ. ತಾನು ಮಾರಿದ್ದು ಕೆಟ್ಟ ಮಾಲು ಎಂದು ಅಂಚೆ ಖರ್ಚು ಹಾಕಿ ತಿಳಿಸುವ ವ್ಯಾಪಾರಿಯನ್ನು ನಾನು ಗೋಕಾಕದ ಸಂತೆಯಲ್ಲಾಗಲಿ ಬೇರೆಲ್ಲಾಗಲಿ ನೋಡಿರಲಿಲ್ಲ. ಅಂಜಿಕೆ ಹಿಂದಿನಿಂದ ಬಂತು. ಯಾಕೆಂದರೆ ನಮ್ಮ ಹತ್ತಿರ ಲಾರಿ ಇರಲಿಲ್ಲ. ಮಾರಿ ಆರು ವರ್ಷವಾಗಿತ್ತು.

ಲಾರಿ ಹೊಡೆದದ್ದೆಲ್ಲ ನಮ್ಮ ಅಣ್ಣ. ಕಾಗದ ಮಾತ್ರ ನನ್ನ ಹೆಸರಿನಲ್ಲಿತ್ತು. ಓದಿದವನ ಹೆಸರಿದ್ದರೆ ಆಫೀಸಿನವರು ಕುರ್ಚಿ ಕೊಡುತ್ತಾರೆ ಎಂಬುದು ಅವನ ನಂಬಿಕೆ. ಮಾರುವಾಗ ನಮ್ಮ ಕಡೆಯ ರೂಢಿಯಂತೆ ಕಾಯಿ ಒಡೆದು, ಕೀಲಿ ಕೊಟ್ಟು, ಹೆಸರು ಬದಲಿಸುವ ಖಾಲಿ ಫಾರ್ಮಿನ ಮೇಲೆ ನನ್ನ ಸಹಿ ಹಾಕಿಸಿ ಕೊಟ್ಟಿದ್ದ. ಕೊಂಡವನು ಆ ಫಾರ್ಮನ್ನು ಆರ್‌ಟಿಓ ಆಫೀಸಿಗೆ ಒಯ್ಯುವುದಿಲ್ಲ. ಮುಂದಿನವನಿಗೆ ಮಾರುವಾಗ ಸ್ಟೆಪ್ನಿ, ಜಾಕು, ತಾಡಪತ್ರಿಗಳ ಜೊತೆ ಅದನ್ನೂ ದಾಟಿಸುತ್ತಾನೆ. ಹೀಗೆ ಲಾರಿ ಊರೂರು ತಿರುಗಿದರೂ ಸರ್ಕಾರದ ಲೆಕ್ಕದಲ್ಲಿ ನಾನೇ ಮಾಲಕ.

ಅಣ್ಣನಿಗೆ ಪತ್ರ ಓದಿ ಹೇಳಿದೆ. ಅವನು ಎಲೆ ಅಡಿಕೆ ಜಗಿಯುತ್ತ ಕೇಳಿದ, "ಮಾರಿದ ಎಮ್ಮಿಗೆ ಜ್ವರ ಬಂದ್ರ ನೀ ಯಾಕ ಕಷಾಯ ಕುಡೀತಿಯೋ?"

ಆದರೆ ನನಗೆ ಸುಮ್ಮನೆ ಕೂಡಲು ಆಗಲಿಲ್ಲ. ಲಾರಿ ಸುಟ್ಟರೆ ಪೊಲೀಸರು ನನ್ನ ಬಾಗಿಲಿಗೆ ಬರುತ್ತಾರೆ ಎಂಬ ಚಿಂತೆ ಒಂದು. ಅದು ಈಗ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬ ಕುತೂಹಲ ಇನ್ನೊಂದು. ಯಾರೋ ಒಬ್ಬ ಏನೂ ಗೊತ್ತಿಲ್ಲದೆ ಅದರೊಳಗೆ ಮಲಗುತ್ತಿರಬಹುದು ಎಂಬುದು ಮೂರನೆಯದು. ಇದನ್ನು ಮೊದಲು ಹೇಳಬೇಕಿತ್ತು. ಆದರೆ ಮನಸ್ಸಿಗೆ ಬಂದದ್ದು ಇದೇ ಕ್ರಮದಲ್ಲಿ.

ರವಿವಾರ ಛತ್ರಿ, ಕೈಚೀಲ ಹಿಡಿದು ಹೊರಟೆ. ನಮ್ಮಿಂದ ಲಾರಿ ಕೊಂಡ ಕಾಕಾ ಮಸಗುಪ್ಪಿಯಲ್ಲಿ ಗೋವಿನಜೋಳ ಒಣಹಾಕುತ್ತಿದ್ದರು. ಎರಡೇ ವರ್ಷ ಇಟ್ಟುಕೊಂಡು ಕೊಟ್ಟುಬಿಟ್ಟರಂತೆ. ಯಾರಿಗೆ ಎಂಬುದು ನೆನಪಿಲ್ಲ, ಆದರೆ ಗೋಕಾಕದಲ್ಲಿ ತಾಡಪತ್ರಿ ಹೊಲಿಯುವವನಿಗೆ ಗೊತ್ತಿರುತ್ತದೆ ಎಂದರು. ಅವನಿಗೆ ಖರೇನೇ ಗೊತ್ತಿತ್ತು. ನಂಬರು ಹೇಳಿದರೆ ತಲೆ ಅಲ್ಲಾಡಿಸಿದ. ಲಾರಿಯ ಹಿಂಬದಿಯ ಹಲಗೆಯ ಮೇಲೆ ಒಕ್ಕಣ್ಣಿನ ನವಿಲು ಇತ್ತು ಅಂದೊಡನೆ ಸೂಜಿ ಕೆಳಗಿಟ್ಟ. ಪೇಂಟರು ಎರಡನೆಯ ಕಣ್ಣು ಬರೆಯುವ ಮೊದಲೇ ಬಾಡಿಗೆ ಸಿಕ್ಕಿತೆಂದು ಅಣ್ಣ ಗಾಡಿ ಒಯ್ದಿದ್ದ. ಆ ನವಿಲು ಈಗ ಹುಕ್ಕೇರಿ ತಾಲೂಕಿನ ದಡ್ಡಿ ಕಡೆ ಇಟ್ಟಂಗಿ ಹೇರುತ್ತದೆ ಎಂದು ಅವನು ಹೇಳಿದ.

ಎರಡು ಬಸ್ಸು ಬದಲಿಸಿ ದಡ್ಡಿ ಮುಟ್ಟಿದಾಗ ಮಧ್ಯಾಹ್ನ. ಇಟ್ಟಂಗಿ ಭಟ್ಟಿಯ ಹತ್ತಿರ, ಜಾಲಿಗಿಡದ ಕೆಳಗೆ ನಮ್ಮ ನವಿಲು ನಿಂತಿತ್ತು, ಕಣ್ಣು ಇನ್ನೂ ಒಂದೇ. ಕ್ಯಾಬಿನ್ನಿನ ಕಿಡಕಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ಅವನೇ ಮಾಲಕ, ಅವನೇ ಡ್ರೈವರ್. ಭಟ್ಟಿಯ ಬಾಜೂ ಜೋಪಡಿಯಲ್ಲಿ ಸಂಸಾರ. ಸೆಕೆಗೆ ತಾನು ಮಾತ್ರ ಲಾರಿಯಲ್ಲಿ ಮಲಗುತ್ತಿದ್ದ. ನಾನು ಹೆಸರು ಹೇಳಿದೆ. ಅವನು ಕೆಳಗೆ ಜಿಗಿದು, ಹೆಗಲ ಮೇಲಿನ ಟವೆಲ್ಲು ತೆಗೆದು, ಹೆಂಡತಿಯನ್ನು ಕರೆದ.

"ನೋಡಿಲ್ಲಿ, ನಮ್ಮ ಮಾಲಕರು ಬಂದಾರ. ದಿನಾ ಇವರ ಹೆಸರು ಹೇಳೇ ನಾ ಪೊಲೀಸರ ಕೈಯಿಂದ ಪಾರಾಗೂದು."

ಗಾಡಿ ಹಿಡಿದವರಿಗೆಲ್ಲ ನಾಲ್ಕು ವರ್ಷದಿಂದ ಅವನು ನನ್ನ ಕಥೆ ಹೇಳುತ್ತಿದ್ದನಂತೆ. ಆ ಕಥೆಯಲ್ಲಿ ನನಗೆ ದಪ್ಪ ಮೀಸೆ, ಮೂಗಿನ ತುದಿಯಲ್ಲಿ ಸಿಟ್ಟು, ಬೆಂಗಳೂರಿನಲ್ಲಿ ದೊಡ್ಡ ಸಾಹೇಬನಾದ ಭಾವ. ಅವನ ಹೆಂಡತಿ ನನ್ನ ಛತ್ರಿಯನ್ನೂ ಕೈಚೀಲವನ್ನೂ ನೋಡಿ, "ಇವರಾ?" ಎಂದಷ್ಟೇ ಕೇಳಿ ಚಹಕ್ಕೆ ಇಟ್ಟಳು.

ಪತ್ರ ಓದಿ ಹೇಳಿದ ಮೇಲೆ ಅವನ ಮುಖ ಬದಲಾಯಿತು. ಬೆಂಕಿಯ ಮಾತು ಅವನ ಕಿವಿಗೇ ಬಿದ್ದಂತಿರಲಿಲ್ಲ.

"ಕಾಗದ ನಿಮ್ಮ ಹೆಸರಿಲೆ ಐತಿ, ಸರ. ಗಾಡಿ ಶೋರೂಮಿನಾಗ ಹೋದ ಮ್ಯಾಲ ಅವರು ಕೀಲಿ ಕೊಡೂದು ಯಾರ ಕೈಯಾಗ್ರಿ?"

ಜಗತ್ತಿನ ಎಲ್ಲ ಕೇಡನ್ನೂ ಮುಂಚಿತವಾಗಿ ಊಹಿಸಿಡುವ ನನಗೆ, ಇನ್ನೊಬ್ಬನ ಮನೆಯ ಕೇಡು ನಾನೇ ಆಗಬಹುದು ಎಂಬುದು ಹೊಳೆದಿರಲಿಲ್ಲ. ವಾಯರನ್ನಾದರೂ ನೋಡೋಣ ಎಂದು ಲಾರಿಯ ಕೆಳಗೆ ತೂರಿದೆ. ಒಣಗಿದ ಕೆಸರು, ಗ್ರೀಸು, ಇಟ್ಟಂಗಿ ಪುಡಿ ಬಿಟ್ಟು ಏನೂ ಕಾಣಲಿಲ್ಲ. ಕೈಗೆ ಸಿಕ್ಕ ಒಂದು ವಾಯರು ಬಿಸಿಯಿತ್ತು, ಆದರೆ ಆ ಬಿಸಿಲಿನಲ್ಲಿ ಬಿಸಿ ಇಲ್ಲದ್ದು ಯಾವುದಿತ್ತು? ಹೊರಗೆ ಬಂದಾಗ ನನ್ನ ಬಿಳಿ ಅಂಗಿ ನೋಡಿ ಅವನ ಹೆಂಡತಿ ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿ, ಗಾಡಿ ಕಸಗೊಳ್ಳಾಕ ಬಂದವರು ಹಿಂಗ ಕೆಳಗ ಹೊಳ್ಳ್ಯಾಡೂದಿಲ್ಲ, ದಿನಾ ಅದರಾಗ ಮಲಗಾವ್ರು ನೀವು, ಹೋಗಿ ತೋರಿಸ್ಕೊಂಡು ಬರ್ರಿ ಅಂದಳು.

ಅವನು ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಹೋಗುವಾಗಲೂ ಬರುವಾಗಲೂ ನಾನು ಅವನ ಬಾಜೂ ಕೂತಿರಬೇಕು. ನಾನು ಕೂಡದಿದ್ದರೆ ಪತ್ರದ ಹಿಂದೆ ಏನೋ ಮಸಲತ್ತಿದೆ ಎಂದರ್ಥ. ಕೂತರೆ ಬೆಂಕಿಯ ಮಾತು ಅಷ್ಟೇನೂ ಖರೆ ಅಲ್ಲ ಎಂದರ್ಥ. ಮೂವತ್ತು ವರ್ಷ ಸಾಲಿಯಲ್ಲಿ ವಿಜ್ಞಾನ ಕಲಿಸಿದ ನಾನು ಆ ಷರತ್ತಿಗೆ ಒಪ್ಪಿದೆ.

ಆ ರಾತ್ರಿ ಅವರ ಜೋಪಡಿಯಲ್ಲೇ ಉಳಿದು ಮರುದಿನ ಹೊರಟೆವು. ಸಾಲಿಗೆ ಹೊಟ್ಟೆನೋವೆಂದು ಫೋನು ಮಾಡಿಸಿದ್ದೆ. ಯಮಕನಮರಡಿ ದಾಟಿದೆವು. ಬಲಗೈಯಲ್ಲಿ ಪತ್ರ, ಎಡಗೈ ಬಾಗಿಲಿನ ಹಿಡಿಕೆಯ ಮೇಲೆ. ವಂಟಮುರಿ ಘಾಟಿನಲ್ಲಿ ಏನೋ ಸುಟ್ಟ ವಾಸನೆ ಬಂತು. ಹೇಳಿದೆ. ಅವನು ಬೀಡಿಯನ್ನು ಕಿಡಕಿಯಿಂದ ಹೊರಗೆ ಎಸೆದು, "ಈಗ ಹೋತೇನ್ರಿ?" ಅಂದ.

ಶೋರೂಮಿನಲ್ಲಿ ಪತ್ರದ ಮೇಲಿನ ಹೆಸರಿನವನೇ ಬಂದಿದ್ದಾನೋ ಇಲ್ಲವೋ ಎಂದು ಮೊದಲು ಕೇಳಿದರು. ಕೆಲಸ ಮುಗಿದ ಮೇಲೆ ಗಾಡಿಯನ್ನು ತಂದವನ ಕೈಗೇ ಕೊಡಬೇಕು ಎಂದು ನಾನು ಒಂದು ಚೀಟಿಯಲ್ಲಿ ಬರೆದು, ಸಹಿ ಮಾಡಿ, ಡ್ರೈವರನ ಎದುರಿಗೇ ಕೊಟ್ಟೆ. ಅವನು ಚೀಟಿಯನ್ನು ಓದಿಸಿ ಕೇಳಿದ. ಎರಡು ಸಲ.

ಮಿಸ್ತ್ರಿ ಕ್ಯಾಬಿನ್ನಿಗೆ ಹತ್ತಿ ಸೀಟಿನ ಹಿಂದಿನ ಹಲಗೆ ಎತ್ತಿದ. ಅದರ ಮೇಲೆ ಕೌದಿ, ತಲೆದಿಂಬು ಇದ್ದವು. ಅವನ್ನು ತೆಗೆದು ನನ್ನ ಕೈಗೆ ಕೊಟ್ಟ. ಕೆಳಗೆ ವಾಯರು. ಬಟ್ಟೆಯಿಂದ ಒರೆಸಿದಾಗ ಎರಡು ಬೆರಳಿನಷ್ಟು ಉದ್ದ ರಬ್ಬರೇ ಇರಲಿಲ್ಲ. ತಾಮ್ರ ಹೊಸ ಕೊಡದಂತೆ ಹೊಳೆಯಿತು. ಅದರ ಮಗ್ಗುಲ ಕಬ್ಬಿಣದ ಮೇಲೆ ಹೆಬ್ಬೆಟ್ಟಿನಷ್ಟು ಕರಿ ಕಲೆ; ಒಮ್ಮೆ ಕಿಡಿ ಹಾರಿದ್ದರ ಗುರುತು ಅಂತ ಮಿಸ್ತ್ರಿ ಹೇಳಿದ. ಇನ್ನೆಷ್ಟು ದಿನ ತಡೆಯುತ್ತಿತ್ತು ಎಂದು ನಾನು ಕೇಳಿದೆ. ಹಂಗೇನ ಹೇಳಾಕ ಬರೂದಿಲ್ಲ, ನಾಳಿಗೇ ಆಗಬಹುದಿತ್ತು, ಎಂದೂ ಆಗದೇನೂ ಇರಬಹುದಿತ್ತು ಅಂದ.

ಡ್ರೈವರ್ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ತಲೆದಿಂಬು ಇಸಿದುಕೊಂಡು, ಅದು ಎಲ್ಲಿರುತ್ತಿತ್ತೋ ಆ ಜಾಗದ ಮೇಲೆ ಹಿಡಿದ. ಅದರ ನೇರ ಕೆಳಗೆ ಆ ಕಲೆ.

ಮಿಸ್ತ್ರಿ ಹೊಸ ವಾಯರು ಕೂಡಿಸಿದ. ಕೀಲಿಯನ್ನು ಡ್ರೈವರನ ಕೈಗೇ ಕೊಟ್ಟರು. ಗೇಟಿನ ಹೊರಗೆ ಅವನು ಗಾಡಿ ನಿಲ್ಲಿಸಿ ಸೀಟಿನ ಕೆಳಗಿನ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಎಣ್ಣೆ ಹತ್ತಿದ, ನಾಲ್ಕು ಮಡಿಕೆಯ ಫಾರ್ಮು, ಕೆಳಗೆ ನನ್ನದೇ ಸಹಿ.

"ಆರ್‌ಟಿಓ ಆಫೀಸ್ ಇಲ್ಲೇ ಐತೆಲ್ರಿ, ಸರ? ನೀವೂ ಹೆಂಗೂ ಬಂದೀರಿ. ಇವತ್ತ ಮಾಡಿಸಿಬಿಡೂಣು. ಇನ್ನೊಮ್ಮೆ ಇಂಥಾ ಪತ್ರ ಬಂದ್ರ ನಮ್ಮ ಮನಿಗೇ ಬರಲಿ."

ಆರ್‌ಟಿಓ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ, ಹೊಟ್ಟೆನೋವಿನ ರಜೆ ಒಂದೇ ದಿನದ್ದಿತ್ತು. ಹೆಡ್‌ಮಾಸ್ತರರಿಗೆ ಏನು ಹೇಳುವುದು ಎಂದು ಯೋಚಿಸುತ್ತಲೇ, ಹೂಂ, ಹೊರಳಿಸಪಾ ಗಾಡಿ ಅಂದೆ.