ದೇವರ ಗಂಟಿನಲ್ಲಿ ರೆಗ್ಯುಲೇಟರ್

ಗೆಳೆಯರೇ, ನಿನ್ನೆಯಿಂದ ಹುಡುಕುತ್ತಿದ್ದ ಗ್ಯಾಸ್ ರೆಗ್ಯುಲೇಟರ್ ಇವತ್ತು ಅವ್ವನ ದೇವರ ಗಂಟಿನಲ್ಲಿದೆ ಎಂದು ಅವಳ ಬಾಯಿಂದಲೇ ಗೊತ್ತಾಯಿತು.

ಏಕಸಂಬಿಯಿಂದ ಚಿಕ್ಕೋಡಿಯ ಹೊಸ ಮನೆಗೆ ಬಂದಿದ್ದೇವೆ. ಇಲ್ಲಿ ಗ್ಯಾಸ್ ಸಿಗಬೇಕೆಂದರೆ ಅಲ್ಲಿನ ಏಜೆನ್ಸಿಗೆ ರೆಗ್ಯುಲೇಟರ್ ಮರಳಿಸಿ ವರ್ಗಾವಣೆ ಚೀಟಿ ತರಬೇಕು. ಅವ್ವ ನೋಡಿದರೆ, ಇಷ್ಟು ವರ್ಷ ಅನ್ನ ಬೇಯಿಸಿದ್ದೆಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಜೊತೆ ಕಟ್ಟಿಟ್ಟಿದ್ದಾಳೆ!

"ಗಂಟು ಬಿಚ್ಚ ಬೇ ಯವ್ವಾ" ಎಂದೆ.

"ಹೊಸ ಮನ್ಯಾಗ ಹಾಲು ಉಕ್ಕೂತನಕ ದೇವರ ಗಂಟು ಬಿಚ್ಚಬಾರದು."

"ಗ್ಯಾಸ್ ಇಲ್ಲಂದ್ರ ಹಾಲು ಹೆಂಗ ಉಕ್ಕತೈತಿ?"

"ಅದನ್ನ ನೀ ನೋಡು."

ನಮ್ಮ ಜಗಳ ಕೇಳಿ ಪಕ್ಕದ ಮನೆಯ ಹೆಂಗಸು, ಕಾಕು, ಕರೆಂಟ್ ಒಲೆ ತಂದಿಟ್ಟರು. "ಮೊದಲ ಹಾಲು ಉಕ್ಕಸ್ರಿ, ಆಮ್ಯಾಲ ಜಗಳಾಡ್ರಿ!"

ಹಾಲು ಉಕ್ಕಿತು. ಅವ್ವ ಗಂಟು ಬಿಚ್ಚಿದಳು. ನಾನು ಬೈಕ್ ಹತ್ತಿ ಏಕಸಂಬಿಗೆ ಓಡಿದೆ.

ನಿನ್ನೆ ತಲೆಯನ್ನೂ ಎತ್ತದೆ "ರೆಗ್ಯುಲೇಟರ್ ಇಲ್ಲಂದ್ರ ಚೀಟಿ ಇಲ್ರಿ" ಎಂದಿದ್ದ ಏಜೆನ್ಸಿಯ ಗುಮಾಸ್ತರು ಇವತ್ತು ಕುಂಕುಮ ಕಂಡವರೇ ಎದ್ದುನಿಂತರು. ಚಪ್ಪಲಿ ಕಳಚಿ ಎರಡೂ ಕೈ ಚಾಚಿ ಇಸಿದುಕೊಂಡರು. ಐದೇ ನಿಮಿಷದಲ್ಲಿ ಚೀಟಿ ನನ್ನ ಕೈಯಲ್ಲಿತ್ತು! ಅಬ್ಬಾ, ಗೆದ್ದೆ.

ನಾಳೆ ನಳದ ಕನೆಕ್ಷನ್‌ಗೆ ಅರ್ಜಿ ಕೊಡಬೇಕು. ಅದಕ್ಕೂ ಸ್ವಲ್ಪ ಕುಂಕುಮ ಹಚ್ಚಿಕೊಡು ಎಂದು ಅವ್ವನಿಗೆ ಹೇಳಿಟ್ಟಿದ್ದೇನೆ.